ಕಡಲಿಗೆ ತುಂಬಿದ ಉಡಿ

ಹುಮನಾಬಾದ
5 ಮಾರ್ಚ್ 2025

ವಿಶಾಖಾ ಮೇಡಂ ಅವರಿಗೆ ಶರಣು.

ನಾನು ಸರಿತಾ. ಜನವರಿಯಲ್ಲಿ ನಿಮ್ಮ ಶಾಲೆಯ ಪ್ರವಾಸಕ್ಕೆ ಹೋಗಿ ಸಮುದ್ರದಲ್ಲಿ ಮುಳುಗಿದ ಕಾಜಲಳ ಅವ್ವ. ಈ ಒಂದು ಸಾಲು ಬರೆಯಲು ಬೆಳಗಿನಿಂದ ಹಾಳೆ ಹರಿಯುತ್ತಲೇ ಇದ್ದೇನೆ.

ನಿಮ್ಮ ವಿಳಾಸ ಕೊಟ್ಟವಳು ಮಿಸ್ಬಾ. ಕಾಜಲಳ ಗೆಳತಿ, ನಮ್ಮ ಓಣಿಯವಳೇ. ಶಾಲೆಯವರು ನಿಮ್ಮನ್ನು ಕೆಲಸದಿಂದ ನಿಲ್ಲಿಸಿದ ಮೇಲೆ ನೀವು ಬಸವಕಲ್ಯಾಣಕ್ಕೆ, ನಿಮ್ಮ ತಾಯಿಯ ಮನೆಗೆ ಹೋಗಿದ್ದೀರಿ ಎಂದು ಹೇಳಿದಳು. ಫೋನ್ ಮಾಡಬಹುದಿತ್ತು. ಆದರೆ ಈಚೆಗೆ ನನಗೆ ಮಾತು ಬರುವುದಿಲ್ಲ. ಬರೆಯುವುದು ಮಾತ್ರ ಬರುತ್ತದೆ. ಘಾಟಬೋರಾಳದಲ್ಲಿ ಏಳನೆಯ ತರಗತಿಗೆ ಶಾಲೆ ಬಿಡಿಸಿದಾಗಿನಿಂದ ದಿನಾ ಡೈರಿ ಬರೆಯುತ್ತ ಬಂದವಳು ನಾನು. ಹಾಲಿನವನು ಬಂದದ್ದು, ನಳಕ್ಕೆ ನೀರು ಬಂದದ್ದು, ಅತ್ತೆಗೆ ಕೆಮ್ಮು ಬಂದದ್ದು, ಇಂಥದ್ದೇ ಇರುತ್ತದೆ ಅದರಲ್ಲಿ. ಆ ದಿನದ ಪುಟ ಮಾತ್ರ ಖಾಲಿ ಇದೆ.

ನನ್ನ ಯಜಮಾನರು ನಿಮ್ಮ ಮೇಲೆ ದೂರು ಕೊಟ್ಟಿದ್ದು ನಿಮಗೆ ಗೊತ್ತೇ ಇದೆ. ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ, ಜೂನ್‌ನಲ್ಲಿ, ಶಾಲೆಯ ಸಮಿತಿ ವಿಚಾರಣೆ ಮಾಡುತ್ತದಂತೆ. ನನ್ನ ಹೆಸರಿನಲ್ಲಿಯೂ ಒಂದು ಹೇಳಿಕೆ ತಯಾರಾಗಿ ಬಂದಿದೆ. 'ಶಿಕ್ಷಕಿಯು ಕಡಲು ತಾಯಿ ಎಂಬ ಪದ್ಯ ಹೇಳಿಕೊಟ್ಟು ಮಕ್ಕಳ ಮನಸ್ಸಿನಿಂದ ನೀರಿನ ಭಯ ತೆಗೆದುಹಾಕಿದರು' ಎಂದು ಅದರಲ್ಲಿದೆ. ನಾನು ಸಹಿ ಹಾಕಿದರೆ ನಿಮ್ಮ ನೌಕರಿ ಪೂರ್ತಿ ಹೋಗುತ್ತದೆ, ಮುಂದೆ ಬೇರೆ ಶಾಲೆಯವರೂ ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಆಗಲಿ ಎಂದು ನನಗೂ ಅನಿಸುತ್ತದೆ. ಸುಳ್ಳು ಹೇಳುವುದಿಲ್ಲ. ಆದರೆ ತಿಳಿಯದ ಮಾತಿಗೆ ಸಹಿ ಹೇಗೆ ಹಾಕಲಿ?

ಪದ್ಯವನ್ನು ಮಿಸ್ಬಾಳ ಕಡೆಯಿಂದ ಬರೆಸಿಕೊಂಡೆ.

ಕಡಲು ನಮ್ಮ ತಾಯಿ, ನೂರು ಕೈಗಳ ತಾಯಿ,
ಕರೆಯುತಾಳೆ ದಿನವು ಮಕ್ಕಳನು ಬಳಿಗೆ;
ಬಿಳಿಯ ಸೆರಗನು ಹಾಸಿ, ಬಿಳಿಯ ಸೆರಗನು ಮಡಿಸಿ
ತೂಗುತಾಳೆ ನೀಲಿ ತೊಟ್ಟಿಲೊಳಗೆ.

ತಾಯಿ ಎಂದರೆ ಏನು? ಕರೆಯುತ್ತಾಳೆ ಎಂದರೆ ಏನು? ಇದನ್ನು ಕಲಿಸುವಾಗ ನೀವು ಮಕ್ಕಳಿಗೆ ಏನು ಹೇಳಿದಿರಿ? ಹೇಗೆ ಕಲಿಸಿದಿರೋ ಹಾಗೆಯೇ ನನಗೂ ಬರೆದು ಕಲಿಸಿರಿ. ತಿಳಿದುಕೊಂಡು ಆಮೇಲೆ ಸಹಿ ಹಾಕುತ್ತೇನೆ.

ನಾನು ಬರಿಗೈಯಲ್ಲಿ ಮಗಳನ್ನು ಕಳಿಸಿರಲಿಲ್ಲ ಮೇಡಂ. ಮೊದಲ ಸಲ ಅಷ್ಟು ದೊಡ್ಡ ನೀರು ನೋಡುತ್ತಾಳೆ ಎಂದು ಗಂಗವ್ವನಿಗೆ ಉಡಿ ಕಟ್ಟಿಕೊಟ್ಟಿದ್ದೆ. ಹಸಿರು ಖಣ, ಕಾಯಿ, ಅಕ್ಕಿ, ಅರಿಶಿಣದ ಕೊಂಬು. ಉಡಿಯನ್ನೂ ತಗೊಂಡಳು, ಮಗಳನ್ನೂ ತಗೊಂಡಳು. ಅವಳಿಗೆ ನಾನು ಏನು ಕಡಿಮೆ ಮಾಡಿದ್ದೆ?

ಸರಿತಾ


ಬಸವಕಲ್ಯಾಣ
14 ಮಾರ್ಚ್ 2025

ಸರಿತಾ ಅಕ್ಕನವರಿಗೆ,

ನಿಮ್ಮ ಅಕ್ಷರ ನೋಡಿ ಬಹಳ ಹೊತ್ತು ಲಕೋಟೆ ಒಡೆಯಲಿಲ್ಲ. ಬೈದಿರುತ್ತೀರಿ ಎಂದುಕೊಂಡಿದ್ದೆ. ನೀವು ಪಾಠ ಕೇಳಿದ್ದೀರಿ. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಕೇಳಿದ್ದಕ್ಕೆ ಹೇಳುತ್ತೇನೆ. 'ಕಡಲು ತಾಯಿಯಂತೆ' ಎಂದರೆ ಅದು ಉಪಮೆ. ಕಡಲು ಬೇರೆ, ತಾಯಿ ಬೇರೆ, ನಡುವೆ ಹೋಲಿಕೆ ಇದೆ ಅಷ್ಟೇ ಎಂದು ಆ 'ಅಂತೆ' ನೆನಪು ಮಾಡುತ್ತಿರುತ್ತದೆ. 'ಕಡಲು ತಾಯಿ' ಎಂದುಬಿಟ್ಟರೆ ಅದು ರೂಪಕ. ಎರಡೂ ಒಂದೇ ಎಂದು ಹೇಳಿದ ಹಾಗೆ. ಆದರೆ ಹೇಳುವವನಿಗೂ ಕೇಳುವವನಿಗೂ ಎರಡೂ ಒಂದಲ್ಲ ಎಂದು ಒಳಗೆ ಗೊತ್ತಿರಬೇಕು. ಗೊತ್ತಿದ್ದೂ ಒಂದು ಗಳಿಗೆ ಒಂದೇ ಎಂದು ನಂಬುವುದರಲ್ಲಿ ಪದ್ಯದ ಸುಖ ಇದೆ. ತೆರೆಗಳು ಬಂದು ಬಂದು ಹೋಗುವುದು ಕೈಬೀಸಿ ಕರೆದ ಹಾಗೆ ಕಾಣುತ್ತದೆ, ನೊರೆ ಸೆರಗಿನ ಹಾಗೆ ಕಾಣುತ್ತದೆ. ನೀರು ಯಾರನ್ನೂ ಕರೆಯುವುದಿಲ್ಲ. ತರಗತಿಯಲ್ಲಿ ಇದನ್ನೇ ಹೇಳಿದ್ದೆ.

ಇನ್ನೊಂದು ಮಾತು ನಿಮಗೆ ಗೊತ್ತಿರಲಿಕ್ಕಿಲ್ಲ. ಆ ಪದ್ಯ ಪುಸ್ತಕದ್ದಲ್ಲ. ಪ್ರವಾಸಕ್ಕೆ ಮುಂಚೆ ಮಕ್ಕಳಿಗಾಗಿ ನಾನೇ ಬರೆದದ್ದು. ಬರೆಯುವಾಗ ನಾನು ಸಮುದ್ರ ನೋಡಿರಲಿಲ್ಲ. ನಮ್ಮೂರಿನ ತ್ರಿಪುರಾಂತ ಕೆರೆಯ ದಂಡೆಗೆ ಕೂತು, ಇದನ್ನೇ ಎಷ್ಟೋ ಪಟ್ಟು ಹಿಗ್ಗಿಸಿಕೊಂಡು ಬರೆದೆ. ಕೆರೆ ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ.

ಆ ದಿನ ತರಗತಿಯಲ್ಲಿ, ಸಮುದ್ರ ಯಾವುದರ ಹಾಗೆ ಇದ್ದೀತು ನಿಮ್ಮ ನಿಮ್ಮ ಮನಸ್ಸಿನಿಂದ ಹೇಳಿ ಎಂದಿದ್ದೆ. ಒಬ್ಬಳು ಕಬ್ಬಿನ ಹೊಲಕ್ಕೆ ಗಾಳಿ ಬಿಟ್ಟಂಗ ಎಂದಳು. ಒಬ್ಬ ಕಾರಖಾನಿಯ ಹೊಗೆಯಂಗ ಎಂದ, ಎಲ್ಲರೂ ನಕ್ಕರು. ಕಾಜಲ ಎದ್ದು, 'ನಮ್ಮವ್ವ ರೊಟ್ಟಿ ಬಡೀತಾಳಲ್ರಿ ಮೇಡಂ, ಧಪ್ ಧಪ್ ಅಂತ, ನಿಂತಿತು ಅನ್ನೂದ್ರಾಗ ಮತ್ತ ಶುರು ಆಗ್ತದ, ಹಂಗ' ಎಂದಳು. ಮೊಬೈಲಿನಲ್ಲಿ ಸಮುದ್ರದ ಸಪ್ಪಳ ಕೇಳಿದ್ದಳಂತೆ. ಇಷ್ಟು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರೂ ಇಷ್ಟು ಚಂದ ಹೇಳಿರಲಿಲ್ಲ. ಇದು ನಿಮ್ಮದು, ನಿಮಗೆ ತಲುಪಬೇಕಿತ್ತು.

ಸಹಿ ಹಾಕಿರಿ ಅಕ್ಕ. ನೀರಿನಲ್ಲಿ ಅವಳ ಕೈ ಸಿಕ್ಕಿತ್ತು, ಹಿಡಿದಿಟ್ಟುಕೊಳ್ಳಲಾಗಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಯಾವ ಹೇಳಿಕೆಯಲ್ಲೂ ಬರೆಯಲಾಗುವುದಿಲ್ಲ.

ವಿಶಾಖಾ


ಹುಮನಾಬಾದ
24 ಮಾರ್ಚ್ 2025

ವಿಶಾಖಾ ಮೇಡಂ,

ರೊಟ್ಟಿಯ ಮಾತು ಓದಿದ ದಿನದಿಂದ ನನಗೆ ರೊಟ್ಟಿ ಬಡಿಯಲು ಆಗುತ್ತಿಲ್ಲ. ಹಿಟ್ಟು ನಾದಿ ಇಡುತ್ತೇನೆ. ಕೈ ಎತ್ತಿದರೆ ಸಪ್ಪಳ ಕೇಳುತ್ತದೆ. ಅತ್ತೆಯೇ ಬಡಿಯುತ್ತಾರೆ, ನಾನು ಪಡಸಾಲೆಗೆ ಹೋಗಿ ನಿಲ್ಲುತ್ತೇನೆ.

ಉಪಮೆ, ರೂಪಕ ಅರ್ಥವಾಯಿತು ಎನ್ನಲಾರೆ. 'ಅಂತೆ' ಎಂಬ ಒಂದು ಮಾತನ್ನು ನೀವು ಯಾಕೆ ಬಿಟ್ಟಿರಿ? ಅದೊಂದು ಇದ್ದಿದ್ದರೆ ನನ್ನ ಮಗಳು ದಂಡೆಯಲ್ಲೇ ನಿಲ್ಲುತ್ತಿದ್ದಳೇನೋ ಎಂದು ಸಿಟ್ಟು ಬರುತ್ತದೆ.

ಮನೆಯಲ್ಲೂ ಇದೇ ಮಾತು. ಮೊನ್ನೆ ನಮ್ಮತ್ತೆ ಶೇವಂತಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು.

"ಆ ಮಾಸ್ತರಣಿ ಪದ್ಯ ಕಲಿಸಿದ್ದಕ್ಕೇ ಪೋರಿ ನೀರಿಗಿಳೀತು. ಸಮುದ್ರ ತಾಯಿ ಅಂತ! ಎಲ್ಲೀ ತಾಯಿ?" ಎಂದರು.

"ಅತ್ಯಾ, ನಾವೂ ಗಂಗವ್ವ ತಾಯಿ ಅಂತೇವಲ್ರಿ?"

"ಅದು ಬ್ಯಾರೆ. ಅದು ದೇವ್ರು. ಇದು ಪದ್ಯ. ಎರಡಕ್ಕೂ ಫರಕ್ ತಿಳೀಲಾರ್ದಷ್ಟು ದಡ್ಡಿ ಏನ್ ನೀನು?"

ಯಜಮಾನರು ಊಟಕ್ಕೆ ಕೂತಿದ್ದರು. ತುತ್ತು ತಾಟಿಗೆ ಹಾಕಿಬಿಟ್ಟರು. "ಸಾಕ್ ಮಾಡ್ರಿ ಇಬ್ರೂ. ಸರಿತಾ, ಸಹಿ ಮಾಡು ಅಂದ್ರ ಮಾಡು. ಎಷ್ಟ್ ಸರ್ತಿ ಹೇಳ್ಬೇಕು? ಪದ್ಯಾ ಗಿದ್ಯಾ ತಗೊಂಡು ನೀ ಏನ್ ಮಾಡಾಕಿ?" ಎಂದು ಎದ್ದು ಅಂಗಡಿಗೆ ಹೋದರು. ಹೈವೇಗೆ ಹತ್ತಿಕೊಂಡು ನಮ್ಮದು ಟೈರಿನ ಅಂಗಡಿ ಇದೆ. ಈಗ ಅವರು ಹೆಚ್ಚು ಅಲ್ಲೇ ಇರುತ್ತಾರೆ. ಎಂದೂ ನನ್ನ ಮೇಲೆ ದನಿ ಏರಿಸಿದವರಲ್ಲ. ನಾನು ಹಾಗೇ ಕೂತುಬಿಟ್ಟೆ.

ಕೂತಲ್ಲಿ ಒಂದು ಯೋಚನೆ ಬಂತು. ಕಾಜಲ ನೀರಿಗೆ ಹೆದರುವ ಹುಡುಗಿ. ನನ್ನ ತವರಿನಲ್ಲಿ ಹಳ್ಳಕ್ಕೆ ಹೋದರೆ ಪಾದ ತೋಯಿಸಿಕೊಂಡು ಓಡಿ ಬರುತ್ತಿದ್ದಳು, ಮಾವನ ಮಕ್ಕಳು ನಕ್ಕು ಚಾಳಿಸುತ್ತಿದ್ದರು. ಅಂಥವಳು ಒಂದು ಪದ್ಯ ಕೇಳಿ ಸಮುದ್ರದೊಳಗೆ ನಡೆದುಬಿಡುತ್ತಾಳೆಯೇ? ಎಲ್ಲರೂ ಆಟ ಆಡುತ್ತಿದ್ದಳು ಎನ್ನುತ್ತಾರೆ. ಆಟ ಆಡುವವಳಲ್ಲ ಅವಳು.

ಅವಳು ನೀರಿನೊಳಗೆ ಯಾಕೆ ಹೋದಳು ಮೇಡಂ? ನೀವು ಅಲ್ಲಿದ್ದಿರಿ. ಹೋದ ಪತ್ರದಲ್ಲಿ ಎಲ್ಲಕ್ಕೂ ಉತ್ತರ ಬರೆದಿರಿ, ಉಡಿಯ ಮಾತಿಗೆ ಮಾತ್ರ ಒಂದಕ್ಷರ ಇಲ್ಲ. ಅವಳು ಅದನ್ನು ಬಿಟ್ಟಳೋ ಇಲ್ಲವೋ, ಅಷ್ಟನ್ನಾದರೂ ಹೇಳಿರಿ.

ಸರಿತಾ


ಬಸವಕಲ್ಯಾಣ
29 ಮಾರ್ಚ್ 2025

ಸರಿತಾ ಅಕ್ಕನವರಿಗೆ,

ಇದನ್ನೊಂದು ಕೇಳಬೇಡಿ. ನಿಮ್ಮ ಯಜಮಾನರು ಹೇಳಿದ ಹಾಗೆ ಸಹಿ ಹಾಕಿರಿ. ಇನ್ನು ಪತ್ರವನ್ನೂ ಬರೆಯಬೇಡಿ. ನಾನು ನಿಮ್ಮ ಮೇಲೆ ಯಾವತ್ತೂ ಸಿಟ್ಟಾಗುವುದಿಲ್ಲ.

ವಿಶಾಖಾ


ಹುಮನಾಬಾದ
3 ಏಪ್ರಿಲ್ 2025

ಮೇಡಂ,

ನನಗೆ ಗೊತ್ತಾಯಿತು.

ಅಕ್ಷರ ಸೊಟ್ಟ ಬರುತ್ತಿವೆ. ಆದರೂ ಈಗಲೇ ಬರೆಯುತ್ತೇನೆ. ನಾಳೆ ಆದರೆ ಬರೆಯಲಾರೆ.

ರಂಜಾನ್ ಹಬ್ಬಕ್ಕೆ ಮಿಸ್ಬಾ ಶೀರ್ ಕುರ್ಮಾ ಪಾಯಸ ತಂದಿದ್ದಳು. ಪ್ರತಿ ವರ್ಷ ತರುತ್ತಾಳೆ, ಪ್ರತಿ ವರ್ಷ ಕಾಜಲ ಬಾಗಿಲಲ್ಲೇ ಡಬ್ಬಿ ಕಸಿದುಕೊಂಡು ನಿಂತೇ ಕುಡಿಯುತ್ತಿದ್ದಳು. ಈ ಸಲ ಮಿಸ್ಬಾ ಹೊಸ್ತಿಲ ಹೊರಗೇ ನಿಂತಳು.

"ಈ ವರ್ಷ ಬ್ಯಾಡ ಅಂದ್ರು ಅಬ್ಬಾ. ಕಾಜಲ ಇಲ್ಲಂದ್ರ ಕಾಕು ಇಲ್ಲೇನು, ಒಯ್ಯಿ ಅಂದಳು ಅಮ್ಮಿ," ಎಂದಳು.

ಒಳಗೆ ಕೂಡಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕೇಳಿಬಿಟ್ಟೆ.

"ಮಿಸ್ಬಾ, ಕಾಜಲ ನೀರಾಗ ಯಾಕ ಹೋದ್ಳು?"

"ಆಟಾ ಆಡ್ಲಿಕ್ಕಿ ಕಾಕು."

"ನನ್ನ ಮಾರಿ ನೋಡಿ ಹೇಳವಾ."

ಮುಖ ನೋಡಿದಳು, ಅತ್ತುಬಿಟ್ಟಳು. "ಮೇಡಂ ಕಸಮ್ ಹಾಕಸ್ಯಾರ್ರಿ. ಕಾಕುಗ ಹೇಳಬ್ಯಾಡಂತ."

ಆಮೇಲೆ ಹೇಳಿದಳು. ಅವಳ ಮಾತನ್ನೇ ಬರೆಯುತ್ತೇನೆ, ನನ್ನದು ಸೇರಿಸುವುದಿಲ್ಲ.

"ದಂಡಿ ಮ್ಯಾಲ ನಿಂತು ಉಡಿ ಬಿಟ್ಟಳ್ರಿ. ತೆರಿ ಬಂದು ತಿರುಗಿ ಕಾಲಾಗ ತಂದು ಹಾಕ್ತು. ಮತ್ತ ಬಿಟ್ಟಳು, ಮತ್ತ ತಂತು. ನಾವೆಲ್ಲಾ ನಗಾಕತ್ತಿದ್ವಿ. ನಿಮ್ಮ ಗಂಗವ್ವಗ ಖಣದ ಬಣ್ಣ ಪಸಂದ್ ಬಂದಿಲ್ಲ ತಗೋ, ಬ್ಯಾರೆ ಬಣ್ಣದ್ದು ತರಬೇಕಿತ್ತು ಅಂತ ನಾನೇ ಅಂದೆ ಕಾಕು. ಆಕಿ ನಗಲಿಲ್ಲ. ಮಾರಿ ಇಷ್ಟು ಸಣ್ಣದು ಮಾಡಿದ್ಳು. ತಿರುಗಿ ಬರಬಾರ್ದು ಅಂತ ಅವ್ವ ಹೇಳ್ಯಾಳ, ಬಂದ್ರ ಮನಿಗಿ ಕೇಡಂತ ಅಂದ್ಳು. ಒಳಗ ಹೋಗಿ ಬಿಟ್ಟು ಬರ್ತೀನಿ ಅಂತ ಗಂಟು ಸೊಂಟಕ್ಕ ಕಟಗೊಂಡು ಹೋದ್ಳು. ಕೇಡು ಬರ್ತದಂತ ಹೆದರಿಕಿ, ಅದಕ್ಕ ನೀರಿನ ಹೆದರಿಕಿ ಮರತಳು."

ಹೌದು, ನಾನು ಹೇಳಿದ್ದೆ. ಬಸ್ಸು ಹೊರಡುವ ಮುಂಜಾನೆ ಗಂಟನ್ನು ಅವಳ ಚೀಲಕ್ಕೆ ತುರುಕುತ್ತ ಹೇಳಿದ್ದೆ. "ನೀರಿನ ಒಳಗ ಬಿಡಬೇಕು, ಒಗೀಬಾರ್ದು. ತಿರುಗಿ ಬಂತಂದ್ರ ಗಂಗವ್ವ ಒಲ್ಲೆ ಅಂದಂಗ, ಮನಿಗಿ ಕೇಡು. ನೋಡಿ ಬಿಡು." ಅವಳು ಬಸ್ಸಿನ ಹಾರ್ನ್ ಕಡೆ ಕಿವಿ ಇಟ್ಟು ಹೂಂ ಹೂಂ ಎಂದಿದ್ದಳು. ಕೇಳಿಸಿಕೊಂಡಿಲ್ಲ ಎಂದುಕೊಂಡಿದ್ದೆ.

ಬಾವಿಗೆ ಬಿಟ್ಟರೆ ಬಾವಿಯಲ್ಲೇ ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಹರಿದು ಹೋಗುತ್ತದೆ. ನಮ್ಮವ್ವ ನನಗೆ ಹೇಳಿದ್ದು ಆ ನೀರಿನ ಲೆಕ್ಕದಲ್ಲಿ, ನಾನು ಮಗಳಿಗೆ ಹೇಳಿದ್ದೂ ಅದೇ ಲೆಕ್ಕದಲ್ಲಿ. ಕೊಟ್ಟದ್ದನ್ನು ತಿರುಗಿ ತಂದುಹಾಕುವ ನೀರು ಇದೆ ಎಂದು ನಮ್ಮ ಕಡೆ ಯಾರಿಗೆ ಗೊತ್ತು?

ನೀವು ಯಾಕೆ ಮುಚ್ಚಿಟ್ಟಿರಿ? ನನ್ನ ಮಗಳು ಯಾಕೆ ಸತ್ತಳು ಎಂದು ನನಗೆ ಮಾತ್ರ ಗೊತ್ತಿರಲಿಲ್ಲ.

ಸರಿತಾ


ಬಸವಕಲ್ಯಾಣ
19 ಏಪ್ರಿಲ್ 2025

ಸರಿತಾ ಅಕ್ಕ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಊಟದ ಹೊತ್ತಿಗೆ ಬಂತು, ನಮ್ಮವ್ವ ತಾಟು ಹಾಗೇ ಎತ್ತಿಟ್ಟಳು. ಮಿಸ್ಬಾಳನ್ನು ಬೈಯಬೇಡಿ. ಆಣೆ ಹಾಕಿಸಿದ್ದು ನಾನು.

ನಡೆದದ್ದು ಹೇಳುತ್ತೇನೆ. ಬಸ್ಸಿನಿಂದ ಇಳಿದು ಸಮುದ್ರ ಕಂಡಾಗ ನನ್ನ ಕಾಲು ನಿಂತಲ್ಲೇ ನಿಂತವು. ನನ್ನ ಪದ್ಯದಲ್ಲಿ ಇದ್ದದ್ದು ಅದಲ್ಲ. ಒಂದು ಕೋಲು ಹುಡುಕಿ ಮರಳಿನ ಮೇಲೆ ಉದ್ದಕ್ಕೆ ಗೆರೆ ಎಳೆದೆ. "ಇದನ್ನ ಯಾರೂ ದಾಟಬಾರ್ದು. ಪದ್ಯ ಪದ್ಯದಾಗ ಇರಲಿ," ಎಂದೆ. ಮಕ್ಕಳು ಆ ಗೆರೆಯ ಈಚೆಗೇ ಕೂಗುತ್ತ ಓಡುತ್ತಿದ್ದರು. ಒಬ್ಬ ಹುಡುಗಿ ಬಸ್ಸಿನ ದಣಿವಿಗೆ ವಾಂತಿ ಮಾಡಿಕೊಂಡಳು. ಅವಳ ಬೆನ್ನು ತಿಕ್ಕಿ ನೀರು ಕುಡಿಸಲು ತಿರುಗಿದೆ. ಅಷ್ಟರಲ್ಲಿ ಕೂಗು ಕೇಳಿತು. ಸೀರೆಯಲ್ಲೇ ಇಳಿದೆ. ಬೆರಳು ಸಿಕ್ಕವು. ಒಂದು ತೆರೆ ಬಂತು, ನನ್ನ ಕೈಯಲ್ಲಿ ನೀರು ಉಳಿಯಿತು.

ನಾನು ತಿರುಗಿ ನಿಂತದ್ದು ತಪ್ಪು. ಆದ್ದರಿಂದ ನನ್ನ ಮೇಲೆ ಬಂದದ್ದನ್ನು ಹೊತ್ತುಕೊಂಡೆ. ಉಡಿಯ ಮಾತು ಹೇಳಿದ್ದರೆ ನನ್ನ ಹೊರೆ ಅರ್ಧವಾಗುತ್ತಿತ್ತು, ನೀವು ಮಾತ್ರ ಆ ಹೊರೆಯ ಕೆಳಗೆ ಬದುಕಿ ಉಳಿಯುತ್ತಿರಲಿಲ್ಲ. ಮಗಳನ್ನು ಕಳೆದುಕೊಂಡವಳ ಕೈಗೆ ಅದನ್ನೂ ಕೊಡಲು ನನಗೆ ಆಗಲಿಲ್ಲ.

ಈಗ ನನಗೆ ಹೀಗೆ ಅನಿಸುತ್ತದೆ ಅಕ್ಕ. ನಾವಿಬ್ಬರೂ ನೋಡದ ಸಮುದ್ರಕ್ಕೆ ತಾಯಿ ಎಂದು ಹೆಸರಿಟ್ಟೆವು. ನಾನು ಪದ್ಯದಲ್ಲಿ, ನೀವು ಉಡಿಯಲ್ಲಿ. ನಮ್ಮ ಮನೆಯಲ್ಲಿ ಉಡಿ ತುಂಬುವ ಪದ್ಧತಿ ಇಲ್ಲ, ನಾವು ಬೌದ್ಧರು. ಆದರೂ ಎರಡೂ ಒಂದೇ ಮಾತು ಎಂದು ನನಗೆ ಕಾಣುತ್ತದೆ. ಹಾಗಿದ್ದ ಮೇಲೆ ಒಬ್ಬರು ಹೊತ್ತರೆ ಸಾಕು. ನಾನು ಇಲ್ಲಿಯೇ ಮನೆಪಾಠ ಶುರು ಮಾಡಿದ್ದೇನೆ, ಹೇಗೋ ನಡೆಯುತ್ತದೆ. ನಿಮ್ಮ ಯಜಮಾನರಿಗೆ ಇದನ್ನು ಹೇಳಬೇಡಿ. ಆ ಮನೆಯಲ್ಲಿ ನೀವು ಇರಬೇಕು, ಬಾಳಬೇಕು.

ವಿಶಾಖಾ


ಹುಮನಾಬಾದ
11 ಮೇ 2025

ವಿಶಾಖಾ ಮೇಡಂ,

ಇಷ್ಟು ದಿನ ನಿಮ್ಮ ಪತ್ರವನ್ನೇ ಓದುತ್ತಿದ್ದೆ. ಎರಡೂ ಒಂದೇ ಮಾತು ಎಂದು ಬರೆದಿದ್ದೀರಿ. ಅಲ್ಲ ಮೇಡಂ. ನೀವು ತಾಯಿ ಎಂದು ಬರೆದು ಕೋಲು ಹಿಡಿದು ಗೆರೆ ಎಳೆದಿರಿ. ನಾನು ತಾಯಿ ಎಂದು ನಂಬಿ ಮಗಳ ಕೈಯಲ್ಲಿ ಉಡಿ ಕೊಟ್ಟೆ. ನನ್ನ ಹತ್ತಿರ ಗೆರೆ ಇರಲಿಲ್ಲ. ರೂಪಕ ಎಂದರೆ ಏನು ಎಂದು ನೀವು ಮಾರ್ಚ್‌ನಲ್ಲಿ ಬರೆದದ್ದು ಆಗ ತಲೆಗೆ ಹತ್ತಿರಲಿಲ್ಲ. ಆ ಗೆರೆಯ ಮಾತು ಓದಿದ ಮೇಲೆ ಹತ್ತಿತು. ಒಳಗೆ ಗೊತ್ತಿರಬೇಕು ಎಂದಿದ್ದಿರಲ್ಲ, ಅದು. ನಿಮಗೆ ಗೊತ್ತಿತ್ತು. ಹಾಗಾಗಿ ಆ ಹೇಳಿಕೆಯಲ್ಲಿ ಬರೆದದ್ದು ಸುಳ್ಳು, ನಾನು ಸಹಿ ಹಾಕುವುದಿಲ್ಲ.

ಹಾಕುವುದಿಲ್ಲ ಎಂದರೆ ಯಾಕೆ ಎಂದು ಯಜಮಾನರಿಗೆ ಹೇಳಬೇಕು. ನೀವು ಬೇಡ ಎಂದಿದ್ದಿರಿ. ಹೇಳಿದೆ.

ಮನೆಯಲ್ಲಿ ಅತ್ತೆ ಇರುತ್ತಾರೆಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಅವರು ಒಂದು ಲಾರಿಯ ಟೈರು ಬಿಚ್ಚಿಟ್ಟುಕೊಂಡು ಕೂತಿದ್ದರು. ನಿಂತೇ ಹೇಳಿದೆ. ಉಡಿ ತಿರುಗಿ ತಿರುಗಿ ಬಂದದ್ದು, ತಿರುಗಿ ಬರಬಾರದು ಎಂದು ನಾನು ಹೇಳಿಕಳಿಸಿದ್ದು, ಅವಳು ಒಳಗೆ ಹೋದದ್ದು. ಇನ್ನು ಏನು ಬೇಕಾದರೂ ಆಗಲಿ ಎಂದು ಕಣ್ಣು ಮುಚ್ಚಿ ಹೇಳಿದೆ.

ಅವರು ಟೈರು ಬಿಚ್ಚುವ ಸಬ್ಬಲು ಕೆಳಗಿಟ್ಟರು.

"ನನಗ ಗೊತ್ತದ," ಎಂದರು.

"ಏನ್ ಗೊತ್ತದ್ರಿ?"

"ಗಂಟು ಆಕಿ ಸೊಂಟದಾಗೇ ಇತ್ತು. ದವಾಖಾನ್ಯಾಗ ನನ್ನ ಕೈಲೇ ಬಿಚ್ಚೀನಿ. ನಿನ್ನ ಗಂಟು ನನಗ ಗುರ್ತು ಸಿಗೂದಿಲ್ಲೇನು?"

ನನಗೆ ಏನು ಕೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ಶವ ತರಲು ಅವರೇ ಹೋಗಿದ್ದರು. ನಾನು ಮನೆಯಲ್ಲಿ ಮುಖ ಮಾತ್ರ ನೋಡಿದ್ದೆ.

"ಮತ್ತ ಮೇಡಂ ಮ್ಯಾಲ ಯಾಕ ಬರಕೊಟ್ರಿ?"

"ಯಾರರ ಮ್ಯಾಲ ಹಾಕಬೇಕಿತ್ತಲ್ಲ. ಎಲ್ಲಾರೂ ಕೇಳ್ತಿದ್ರು ಹ್ಯಾಂಗಾತು, ಹ್ಯಾಂಗಾತು ಅಂತ. ನಿನ್ನ ಮ್ಯಾಲ ಹಾಕಲೇನು? ನಮ್ಮವ್ವನ ಬಾಯಿ ನಿನಗ ಗೊತ್ತಿಲ್ಲೇನು? ನೀ ಉಳೀತಿದ್ದೇನು? ಮಗಳು ಹೋದ್ಳು, ನೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ?"

ಲಾರಿಯ ಡ್ರೈವರ್ ಬಂದು, "ಏ ನರಸಿಂಗಣ್ಣ, ಆತೇನಪ್ಪ? ಹೈದರಾಬಾದ್ ಮುಟ್ಟಬೇಕು ನಾ," ಎಂದ. ಅವರು ಎದ್ದು ಟೈರು ಕೂಡಿಸಿದರು. ನಾನು ಬುತ್ತಿ ಹಿಡಿದುಕೊಂಡೇ ನಿಂತಿದ್ದೆ.

ಆ ದಿನದಿಂದ ಅವರು ನನ್ನ ಕಡೆ ನೋಡುತ್ತಿಲ್ಲ, ನಾನೂ ನೋಡುತ್ತಿಲ್ಲ. ನೀವೊಂದು ಕಡೆ, ಅವರೊಂದು ಕಡೆ ನಿಂತು ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದಿರಿ. ಬೈಯಬೇಕೋ ಕೈಮುಗಿಯಬೇಕೋ ತಿಳಿಯದು.

ಸರಿತಾ


ಬಸವಕಲ್ಯಾಣ
17 ಮೇ 2025

ಸರಿತಾ ಅಕ್ಕ,

ಅವರಿಗೆ ಗೊತ್ತಿತ್ತು.

ಇದನ್ನು ಎಷ್ಟು ಸಲ ಓದಿದರೂ ನಂಬಲಾಗುತ್ತಿಲ್ಲ. ಆ ದವಾಖಾನೆಯ ಬಾಗಿಲಲ್ಲಿ ನಿಮ್ಮ ಯಜಮಾನರು ಎಲ್ಲರ ಮುಂದೆ ನನ್ನ ಕಡೆ ಬೆರಳು ಮಾಡಿ, "ಈಕಿನೇ, ಈಕಿನೇ ನನ್ನ ಮಗಳನ್ನ ಕೊಂದಾಕಿ," ಎಂದು ಕೂಗಿದ್ದರು. ಒಳಗೆ ಗಂಟು ಬಿಚ್ಚಿ ಬಂದು ಕೂಗಿದರೇ? ಉಪ್ಪುನೀರಿನಲ್ಲಿ ನೆನೆದು ಮೈಮೇಲೇ ಒಣಗಿದ ಸೀರೆಯಲ್ಲಿ ನಿಂತಿದ್ದೆ. ಆ ಮಾತನ್ನು ಪೂರ್ತಿ ನಂಬಿದೆ. ಇವತ್ತಿಗೂ ಬೆಳಗ್ಗೆ ಏಳುವಾಗ ಅದೇ ಮಾತು ಕೇಳಿಸುತ್ತದೆ.

ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ ಎಂದಿದ್ದೆ, ಇದು ನಿಮ್ಮ ಮೇಲಲ್ಲ. ಬರೆಯದೆ ಇದ್ದರೆ ಸುಳ್ಳಾಗುತ್ತದೆ ಎಂದು ಬರೆಯುತ್ತಿದ್ದೇನೆ. ನಮ್ಮವ್ವ ಭೀಮಬಾಯಿ ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದಳು. ಈ ಓಣಿಯಿಂದ ಟೀಚರ್ ಆದವಳು ನಾನೊಬ್ಬಳೇ. ಈಗ ಅವಳು ನಳಕ್ಕೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರಂತೆ. ನಾನು ಸುಮ್ಮನಿದ್ದದ್ದು ನನ್ನ ಮನಸ್ಸಿನಿಂದ. ಅವರು ನನ್ನನ್ನು ಕೇಳದೆ ನನ್ನ ಮೇಲೆ ಹೊರಿಸಿದರು. ಇದು ಬೇರೆ, ಅದು ಬೇರೆ.

ಹೆಂಡತಿ ಉಳಿಯಲಿ ಎಂದು ಮಾಡಿದರು ಎಂಬುದೂ ತಿಳಿಯುತ್ತದೆ. ತಿಳಿದರೂ ಸಿಟ್ಟು ಹೋಗುವುದಿಲ್ಲ.

ಮುಂದೆ ಏನು ಮಾಡಬೇಕು ಎಂದು ಈ ಸಲ ನಾನು ಹೇಳುವುದಿಲ್ಲ.

ವಿಶಾಖಾ


ಹುಮನಾಬಾದ
8 ಜೂನ್ 2025

ವಿಶಾಖಾ ಮೇಡಂ,

ನಿಮ್ಮ ಸಿಟ್ಟಿನ ಪತ್ರವನ್ನೂ, ಗೆರೆಯ ಮಾತು ಬರೆದ ಏಪ್ರಿಲ್ ಪತ್ರವನ್ನೂ ಯಜಮಾನರ ಕೈಗೆ ಕೊಟ್ಟೆ. ಅಂಗಡಿಯಲ್ಲಿ ಒಬ್ಬರೇ ಕೂತು ಓದಿದರು.

ಶುಕ್ರವಾರ ವಿಚಾರಣೆ ಇತ್ತು. ನಿಮ್ಮನ್ನು ಆ ದಿನ ಕರೆದಿರಲಿಲ್ಲ, ಆದ್ದರಿಂದ ನಾನು ಬರೆಯಬೇಕು. ಸಮಿತಿಯ ಅಧ್ಯಕ್ಷರು, ವಕೀಲರು, ಬರೆದುಕೊಳ್ಳುವವರು ಒಂದು ಕಡೆ ಕೂತಿದ್ದರು, ನಾವಿಬ್ಬರು ಇನ್ನೊಂದು ಕಡೆ. ನಾನು ಹೇಳಬೇಕಾದ ಮಾತನ್ನು ಡೈರಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಬಾಯಿ ತೆರೆಯುವ ಮೊದಲೇ ಯಜಮಾನರು ಎದ್ದರು.

"ಬರಕೊಟ್ಟದ್ದು ನಾನ್ರಿ. ಸುಳ್ಳ್ ಬರಕೊಟ್ಟೀನಿ. ಆ ಅಕ್ಕೋರು ಗೆರಿ ಎಳದಿದ್ರು, ನನ್ನ ಮಗಳು ದಾಟ್ಯಾಳ. ಅವ್ರು ನೀರಾಗ ಇಳದು ಹಿಡದಿದ್ರು. ವಾಪಸ್ ತಗೋತೀನಿ."

ಅಧ್ಯಕ್ಷರು ವಕೀಲರ ಮುಖ ನೋಡಿದರು. ವಕೀಲರು, "ನರಸಿಂಗ ಅವ್ರ, ಹಿಂಗ ಅಂದ್ರ ಹ್ಯಾಂಗ್ರಿ? ಇಷ್ಟು ದಿನ ಒಂದು, ಇವತ್ತೊಂದು. ಹಂಗಾರ ತಪ್ಪು ಯಾರದು ಅಂತ ಬರಕೋಬೇಕು?" ಎಂದರು.

ಯಜಮಾನರು ನನಗೆ ಅಡ್ಡವಾಗಿ ನಿಂತರು.

ನನಗೆ ದನಿ ಬಂತು ಮೇಡಂ. "ನನ್ನದ್ರಿ," ಎಂದೆ. ಉಡಿಯ ಮಾತನ್ನು ಎಲ್ಲ ಹೇಳಿದೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ, ಮಿಸ್ಬಾ ಹೇಳಿದ ಹಾಗೆಯೇ ಹೇಳಿದೆ. ಬರೆದುಕೊಳ್ಳುವವರು ಪೆನ್ನು ಹಾಳೆಗೆ ಊರಿದರು.

ಆಗ ಯಜಮಾನರು ಮೇಜಿನ ಮೇಲೆ ಕೈ ಚಾಚಿ ಆ ಹಾಳೆಯ ಮೇಲೆ ಅಂಗೈ ಇಟ್ಟರು. ಗ್ರೀಸ್ ಹತ್ತಿದ ಕೈ. "ಅದನ್ನ ಬರಕೋಬ್ಯಾಡ್ರಿ," ಎಂದರು. "ಕೈ ಮುಗೀತೀನಿ. ಆಕಿ ಹೇಳಿದ್ದು ಕೇಳಿದ್ರಿ, ಸಾಕು. ಬರಕೋಬ್ಯಾಡ್ರಿ."

ಬರೆದುಕೊಳ್ಳುವವರು ಪೆನ್ನಿಗೆ ಟೋಪಿ ಹಾಕಿದರು.

ನಿಮ್ಮನ್ನು ತಿರುಗಿ ಕೆಲಸಕ್ಕೆ ಕರೆಯುತ್ತಾರಂತೆ. ಮಕ್ಕಳ ಕಡೆ ಗಮನ ತಪ್ಪಿದ್ದಕ್ಕೆ ಎಚ್ಚರಿಕೆಯ ಪತ್ರ ಒಂದು ಕೊಡುತ್ತಾರಂತೆ. ಬರುವುದು ಬಿಡುವುದು ನಿಮಗೆ ಸೇರಿದ್ದು. ಯಜಮಾನರು ಬರುವ ವಾರ ಬಸವಕಲ್ಯಾಣಕ್ಕೆ ಬಂದು ನಿಮ್ಮ ತಾಯಿಯ ಮುಂದೆ, ಓಣಿಯ ಜನರ ಮುಂದೆ ಮಾತಾಡುತ್ತೇನೆ ಎಂದಿದ್ದಾರೆ. ಬಾಗಿಲು ತೆರೆಯುವುದು ಬಿಡುವುದೂ ನಿಮಗೆ ಸೇರಿದ್ದು.

ಅತ್ತೆಗೆ ಆ ಸಂಜೆಯೇ ಸುದ್ದಿ ಮುಟ್ಟಿತು. ಅವರು ನನ್ನ ಕೈಯ ನೀರು ಕುಡಿಯುತ್ತಿಲ್ಲ. ನಾನು ತಂಬಿಗೆ ಇಟ್ಟರೆ ಎದ್ದು ಬೇರೆ ತುಂಬಿಕೊಳ್ಳುತ್ತಾರೆ. ಇದು ಹೀಗೇ ಇರುತ್ತದೆಯೋ ಏನೋ.

ವಿಚಾರಣೆ ಮುಗಿಸಿ ಬರುವಾಗ ಯಜಮಾನರು ಗಾಡಿಯನ್ನು ಮನೆಗೆ ತಿರುಗಿಸಲಿಲ್ಲ, ಅಂಗಡಿಯ ಮುಂದೆ ನಿಲ್ಲಿಸಿದರು. ಬೀಗ ತೆಗೆಯಲಿಲ್ಲ. ಇಬ್ಬರೂ ರಸ್ತೆಯ ಅಂಚಿಗೆ ನಿಂತೆವು. ಇಷ್ಟು ತಿಂಗಳಲ್ಲಿ ಕೇಳದ ಮಾತೊಂದನ್ನು ಕೇಳಿದೆ.

"ಸಮುದ್ರ ಹ್ಯಾಂಗಿತ್ರಿ? ನೀವು ನೋಡೀರಿ. ನಾ ನೋಡಿಲ್ಲ."

ಅವರು ರಸ್ತೆಯ ಕಡೆ ಕೈ ಮಾಡಿದರು.

"ಈ ರೋಡಿನಂಗ ಅದ," ಎಂದರು. "ಹಗಲೂ ರಾತ್ರಿ ಸಪ್ಪಳ. ಒಂದು ಹೋಗೂದ್ರಾಗ ಇನ್ನೊಂದು ಬರ್ತದ. ಯಾರನ್ನೂ ಕರ್ಯಾದಿಲ್ಲ. ಯಾರ ಮ್ಯಾಲೂ ಸಿಟ್ಟಿಲ್ಲ. ನಡುವ ಯಾರರ ಬಂದ್ರಂದ್ರ ಅದಕ್ಕ ಗೊತ್ತೂ ಆಗಾದಿಲ್ಲ."

ಮೇಡಂ, ಮದುವೆಯಾಗಿ ಬಂದಾಗಿನಿಂದ ಆ ರಸ್ತೆಯ ಬದಿಗೇ ಇದ್ದೇನೆ. ನಾನು ಸಮುದ್ರ ನೋಡಿದ್ದು ಆಗಲೇ.

ಎಷ್ಟು ಹತ್ತಿರ ನಿಂತಿದ್ದೆನೋ ನನಗೆ ತಿಳಿದಿರಲಿಲ್ಲ. ಒಂದು ಟ್ಯಾಂಕರ್ ಹೋಯಿತು, ಅದರ ಗಾಳಿ ಮೈಗೆ ಹೊಡೆಯಿತು. ಅವರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ಸರಿತಾ